ಕಾವಲಿನ ಕೂಗು

ಮನೆಯನ್ನು ಕಾಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ದುಡಿದು ಗಳಿಸಿದುದನ್ನು ಕಳ್ಳನ ಪಾಲು ಮಾಡುವುದು ಔದಾರ್ಯವಲ್ಲ; ಮನೆಯೊಳಗೆ ಮಲಗಿದ ಮಕ್ಕಳನ್ನೂ ಮುದುಕರನ್ನೂ ಅಪಾಯಕ್ಕೆ ಒಡ್ಡುವುದು ಧೈರ್ಯವೂ ಅಲ್ಲ. ಆದರೆ ಕಾಯುವ ಬಗೆ ಯಾವುದು, ಕಾವಲಿನ ಭಾರವನ್ನು ಯಾರು ಹೊರಬೇಕು, ಕಾಯುವ ಭರದಲ್ಲಿ ನೆರೆಹೊರೆಯವರೊಡನೆ ನಮಗಿರುವ ಸಂಬಂಧಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗಳು ಅಷ್ಟು ಸುಲಭದವಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡಿನ ಹಳ್ಳಿಗಳಿಗೂ ಪಾರ್ಸೆಲಿನಲ್ಲಿ ಬಂದಿಳಿಯುತ್ತಿರುವ ಒಂದು ಯಂತ್ರವು ಈ ಪ್ರಶ್ನೆಗಳನ್ನು ಹೊಸದಾಗಿ ಎತ್ತಿದೆ. ತಂತಿಯ ಎಳೆದಾಟವಿಲ್ಲದೆ, ಮೇಸ್ತ್ರಿಯ ನೆರವಿಲ್ಲದೆ, ಮನೆಯವರೇ ಗೋಡೆಗೂ ಬಾಗಿಲಿಗೂ ಅಂಟಿಸಿಕೊಳ್ಳಬಹುದಾದ ನಿಸ್ತಂತು ಅಲಾರಂ ಅದು. ಅದನ್ನು ಆರಿಸುವಾಗಲೂ ಅದರೊಡನೆ ಬಾಳುವಾಗಲೂ ನಾವು ಕೈಗೊಳ್ಳುವ ನಿರ್ಧಾರಗಳು ಮೇಲುನೋಟಕ್ಕೆ ಯಂತ್ರದ ವಿಷಯವೆಂದು ಕಂಡರೂ ಒಳಹೊಕ್ಕು ನೋಡಿದರೆ ನೀತಿಯ ವಿಷಯವೇ ಆಗಿವೆ. ಇದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಡೆಯ ಮನೆಗಳ ಸ್ಥಿತಿಯನ್ನು ನೋಡೋಣ. ಇಲ್ಲಿಯ ಊರುಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಗುಂಪಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ. ತೋಡು ದಾಟಿ, ಗುಡ್ಡೆ ಹತ್ತಿ ಇಳಿದರೆ ಇನ್ನೊಂದು ಮನೆ. ಹಿಂದೆ ಒಂದೊಂದು ಮನೆಯಲ್ಲಿಯೂ ಹತ್ತು ಹದಿನೈದು ಮಂದಿ ಇರುತ್ತಿದ್ದರು. ಜಗಲಿಯಲ್ಲಿ ಮಲಗುವವರಿದ್ದರು, ಹಟ್ಟಿಯಲ್ಲಿ ದನಗಳಿದ್ದವು, ಅಂಗಳದಲ್ಲಿ ನಾಯಿಯಿತ್ತು. ಅಪಾಯವೆಂದಾಗ ಒಬ್ಬರು ಕೂ ಎಂದು ಕೂಗಿದರೆ ಆಚೆ ದಡದಿಂದ ಮರುಕೂಗು ಬರುತ್ತಿತ್ತು. ಇಂದು ಮಕ್ಕಳು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ, ಗಲ್ಫ್ ದೇಶಗಳಲ್ಲಿ ನೆಲೆಸಿದ್ದಾರೆ. ಹಲವು ಮನೆಗಳಲ್ಲಿ ವೃದ್ಧ ದಂಪತಿಗಳು ಮಾತ್ರ. ಕೆಲವಕ್ಕೆ ವರ್ಷದ ಬಹುಭಾಗ ಬೀಗವೇ ಗತಿ. ನಮ್ಮ ಮನೆಯಲ್ಲಿಯೂ ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಶಾಲೆಗೆ ಹೊರಟರೆ ಸಂಜೆಯ ತನಕ ಇರುವವರು ವಯಸ್ಸಾದ ತಾಯಿಯೊಬ್ಬರೇ. ಕೂಗಲು ಕೊರಳು ಕಡಮೆಯಾದ ಮನೆಗೆ ಯಂತ್ರದ ಕೊರಳೊಂದನ್ನು ತಂದುಕೊಳ್ಳುವ ಯೋಚನೆ ಬರುವುದು ಸಹಜವೇ ಸರಿ.

ಯಂತ್ರದ ರಚನೆಯನ್ನು ತಿಳಿದುಕೊಂಡರೆ ಮುಂದಿನ ವಿಚಾರಕ್ಕೆ ಅನುಕೂಲವಾದೀತು. ಸಾಮಾನ್ಯವಾಗಿ ಒಂದು ಪೆಟ್ಟಿಗೆಯಲ್ಲಿ ಒಂದು ಮುಖ್ಯ ಫಲಕ, ಬಾಗಿಲುಗಳಿಗೆ ಹಚ್ಚುವ ಒಂದೆರಡು ಸೆನ್ಸರುಗಳು, ಕೋಣೆಯೊಳಗಿನ ಚಲನೆಯನ್ನು ಅರಿಯುವ ಮತ್ತೊಂದು ಸೆನ್ಸರು, ಎರಡು ಚಿಕ್ಕ ರಿಮೋಟುಗಳು, ಒಂದು ಸೈರನ್ನು ಇರುತ್ತವೆ. ಬಾಗಿಲಿನ ಸೆನ್ಸರಿನೊಳಗೆ ಗಾಜಿನ ಪುಟ್ಟ ಕೊಳವೆಯಲ್ಲಿ ಲೋಹದ ಎರಡು ತೆಳುಪಟ್ಟಿಗಳಿವೆ. ಬಾಗಿಲಿಗೆ ಅಂಟಿಸಿದ ಅಯಸ್ಕಾಂತವು ಹತ್ತಿರವಿರುವಷ್ಟು ಹೊತ್ತು ಅವು ಕೂಡಿಕೊಂಡಿರುತ್ತವೆ, ಬಾಗಿಲು ಸರಿದೊಡನೆ ಬಿಟ್ಟುಕೊಳ್ಳುತ್ತವೆ. ಈ ಬಗೆಯ ಸ್ವಿಚ್ಚನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ಎಂಬವರು 1936ರಲ್ಲಿ ರೂಪಿಸಿದರು. ಚಲನೆಯ ಸೆನ್ಸರಾದರೋ ಕಣ್ಣಿನಂತೆ ನೋಡುವುದಿಲ್ಲ. ಮನುಷ್ಯನ ಮೈಯಿಂದ ಸದಾ ಹೊರಡುವ, ಕಣ್ಣಿಗೆ ಕಾಣದ ಶಾಖಕಿರಣಗಳು ಕೋಣೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸರಿದಾಗ ಆಗುವ ವ್ಯತ್ಯಾಸವನ್ನು ಮಾತ್ರ ಅದು ಅರಿಯುತ್ತದೆ. ಅಲುಗಾಡದೆ ನಿಂತವನು ಅದಕ್ಕೆ ಇಲ್ಲದವನ ಸಮಾನ. ಸೆನ್ಸರುಗಳು ರೇಡಿಯೋ ಅಲೆಯ ಮೂಲಕ ಫಲಕಕ್ಕೆ ಸುದ್ದಿ ಮುಟ್ಟಿಸುತ್ತವೆ. ಫಲಕವು ಸೈರನ್ನನ್ನು ಮೊಳಗಿಸಿ, ತನ್ನೊಳಗಿನ ಸಿಮ್ಮಿನಿಂದ ನಾವು ಬರೆದಿಟ್ಟ ಐದಾರು ನಂಬರುಗಳಿಗೆ ಫೋನು ಮಾಡುತ್ತದೆ.

ಇಷ್ಟನ್ನು ತಿಳಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಯಂತ್ರ ಕಳ್ಳನನ್ನು ತಡೆಯುವುದಿಲ್ಲ, ಹಿಡಿಯುವುದಿಲ್ಲ, ಅವನು ಕಳ್ಳನೋ ನೆಂಟನೋ ಎಂಬುದನ್ನು ಕೂಡ ಅರಿಯುವುದಿಲ್ಲ. ಅದು ಮಾಡುವ ಕೆಲಸ ಒಂದೇ: ಕೂಗುವುದು. ಬೀಗವು ಗೋಡೆಯ ಜಾತಿಗೆ ಸೇರಿದ್ದು; ಅಲಾರಂ ಕೊರಳಿನ ಜಾತಿಗೆ ಸೇರಿದ್ದು. ಆ ಪದದ ಮೂಲವನ್ನು ಅರಸಿ ಹೋದರೂ ದೊರೆಯುವುದು ಕೂಗೇ. ಇಟಲಿಯ ಭಾಷೆಯಲ್ಲಿ 'ಆಯುಧ ಹಿಡಿಯಿರಿ' ಎಂದು ಕಾವಲಿನವನು ಕೂಗುತ್ತಿದ್ದ ಮಾತೇ ಸವೆದು ಅಲಾರಂ ಆಯಿತಷ್ಟೆ. ಬೀಗ ಹಾಕಿದವನು ಯಾರನ್ನೂ ಏನನ್ನೂ ಬೇಡುವುದಿಲ್ಲ. ಕೂಗುವವನು ಮಾತ್ರ ಕೇಳಿದವರೆಲ್ಲರ ಮೇಲೆ ಒಂದು ಹೊಣೆಯನ್ನು ಹೊರಿಸುತ್ತಾನೆ. ಅಲಾರಮ್ಮಿನ ನೀತಿಯೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆಯೆಂದು ನಮ್ಮ ಭಾವನೆ.

ಕೂಗು ಹೊಣೆಯನ್ನು ಹುಟ್ಟಿಸುತ್ತದೆಂಬುದು ನಮ್ಮ ಕಲ್ಪನೆಯ ಮಾತಲ್ಲ. ಯಾಜ್ಞವಲ್ಕ್ಯಸ್ಮೃತಿಯು ದಂಡಾರ್ಹರನ್ನು ಎಣಿಸುವಲ್ಲಿ ಆಪತ್ತಿನ ಕೂಗನ್ನು ಕೇಳಿಯೂ ಓಡಿಬಾರದವನನ್ನು ಸೇರಿಸಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಎಂದರೆ ಕನ್ನಡನಾಡಿನ ರಾಜಧಾನಿಯಲ್ಲಿಯೇ ಈ ಧರ್ಮದ ವಿಚಾರ ನಡೆದಿತ್ತು. ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಶಾಸನವು, ಕಳ್ಳನನ್ನು ಕಂಡವರು ಕೂಗೆಬ್ಬಿಸಬೇಕು, ಕೂಗು ಕೇಳಿದ ಊರಿನವರು ಬೆನ್ನಟ್ಟಬೇಕು, ಹೀಗೆ ಊರಿಂದ ಊರಿಗೆ ಕೂಗು ಸಾಗಬೇಕು ಎಂದು ವಿಧಿಸಿತು. ಅದೇ ನಾಡಿನ ಕಾನೂನು ಕಾರಣವಿಲ್ಲದೆ ಸುಳ್ಳುಕೂಗು ಎಬ್ಬಿಸಿದವನನ್ನು ಅಪರಾಧಿಯೆಂದೂ ಎಣಿಸಿತ್ತು. ಕೇಳಿದವನಿಗೆ ಓಡಿಬರುವ ಹೊಣೆ. ಕೂಗಿದವನಿಗೆ ಸತ್ಯವಾಗಿ ಕೂಗುವ ಹೊಣೆ. ಈ ಎರಡೂ ಒಂದೇ ಹಗ್ಗದ ಎರಡು ಹುರಿಗಳು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ನಮ್ಮ ಹಿರಿಯರು ಬಾಗಿಲಿಗೆ ಅಗುಳಿಯನ್ನೂ ಹಾಕದೆ ಬಾಳಿದರು, ಕಾವಲಿನ ಯಂತ್ರ ತರುವುದು ನೆರೆಯವರನ್ನು ನಂಬದಿರುವುದಕ್ಕೆ ಸಮಾನ ಎಂದು ಕೆಲವರು ಹೇಳುವುದುಂಟು. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಮೆಗಸ್ತನೀಸನು, ಈ ದೇಶದ ಜನರು ಮನೆಯನ್ನೂ ಸೊತ್ತನ್ನೂ ಬಹುಮಟ್ಟಿಗೆ ಕಾವಲಿಲ್ಲದೆ ಬಿಡುತ್ತಾರೆಂದು ಬರೆದನೆಂಬುದು ನಿಜ. ಆದರೆ ಆ ಕಾಲದೊಡನೆಯೇ ಪರಂಪರೆಯು ಜೋಡಿಸುವ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಗೃಹಸ್ಥನು ಮನೆಗೆ ಬಂದವರನ್ನೂ ಹೋದವರನ್ನೂ ನಗರದ ಅಧಿಕಾರಿಗೆ ತಿಳಿಸಬೇಕು, ತಿಳಿಸದಿದ್ದರೆ ಆ ರಾತ್ರಿಯ ಅಪರಾಧಕ್ಕೆ ಅವನೂ ಭಾಗಿ ಎಂದು ಅಲ್ಲಿದೆ. ಬೆಂಕಿ ಬಿದ್ದ ಮನೆಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡವೆಂದೂ ಅಲ್ಲಿಯೇ ಇದೆ. ಕಳವಿಲ್ಲದ ಕಾಲವೊಂದಿತ್ತೆಂದು ನಂಬಿ ಇಂದಿನವರನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ತೆರೆದ ಬಾಗಿಲಿನ ಹಿಂದೆ ಬರಿಯ ನಂಬಿಕೆಯಲ್ಲ, ಎಚ್ಚರವಿದ್ದ ನೆರೆಹೊರೆಯೂ ಇತ್ತೆಂದು ತಿಳಿಯುವುದು ಹೆಚ್ಚು ಸರಿ.

ಯಂತ್ರದ ಕೂಗಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಾಗಿಲು ತೆರೆದೊಡನೆ ವಿದ್ಯುತ್ತಿನಿಂದ ಗಂಟೆ ಬಾರಿಸುವ ಉಪಾಯಕ್ಕೆ ಅಮೆರಿಕದ ಅಗಸ್ಟಸ್ ಪೋಪ್ ಎಂಬವರು 1853ರಲ್ಲಿ ಪೇಟೆಂಟ್ ಪಡೆದರು. 1857ರಲ್ಲಿ ಅದರ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದರು. ಅದು ಬಹುಕಾಲ ಸಿರಿವಂತರ ಸೊತ್ತಾಗಿಯೇ ಉಳಿದಿತ್ತು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ವಾಸಿಸುತ್ತಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕರಿಯ ಜನಾಂಗದ ದಾದಿಯ ಕತೆ ಬೇರೆ. ಅವರಿಗೂ ಅವರ ಗಂಡನಿಗೂ ಹೊತ್ತಲ್ಲದ ಹೊತ್ತಿನ ದುಡಿಮೆ. ಆ ಕೇರಿಯಲ್ಲಿ ಅಪರಾಧ ಹೆಚ್ಚು. ಕರೆದರೆ ಪೊಲೀಸರು ಬರುವುದು ತಡ. ಮನೆಯಲ್ಲಿ ಒಬ್ಬಂಟಿಯಾಗಿರಬೇಕಾದ ಆಕೆ, ಬಾಗಿಲ ಹೊರಗೆ ನಿಂತವರನ್ನು ಒಳಗಿನ ತೆರೆಯ ಮೇಲೆ ನೋಡುವ, ಬೇಕೆಂದಾಗ ಗುಂಡಿಯೊತ್ತಿ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು ಗಂಡನೊಡನೆ ಸೇರಿ ಯೋಚಿಸಿ 1966ರಲ್ಲಿ ಅರ್ಜಿ ಹಾಕಿದರು. 1969ರಲ್ಲಿ ಪೇಟೆಂಟ್ ದೊರೆಯಿತು. ಹೆದರಿಕೆಯನ್ನು ನಾವು ಹೀನವಾಗಿ ಕಾಣಬಾರದು. ಕೂಗಿದರೆ ಯಾರೂ ಬಾರದ ಕಡೆಯಲ್ಲಿ ಬಾಳುವವರ ಹೆದರಿಕೆಯು ನೆರೆಹೊರೆಯ ಮೇಲಣ ದೂರೇ ಹೊರತು ಅವರ ದೌರ್ಬಲ್ಯವಲ್ಲ.

ಹೀಗೆ ಕಾವಲಿಟ್ಟುಕೊಳ್ಳುವ ಹಕ್ಕನ್ನು ಒಪ್ಪಿಕೊಂಡ ಮೇಲೆ ಅದರ ಎಲ್ಲೆಯನ್ನು ಕೇಳಬೇಕು. ಬೀಗವು ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ. ಆದುದರಿಂದ ಬೀಗವನ್ನು ಕಂಡು ಯಾರೂ ಅವಮಾನಪಡುವುದಿಲ್ಲ. ಅಲಾರಂ ಹಾಗಲ್ಲ. ಅದು ಯಾವ ಹೊತ್ತಿಗೆ ಯಾವ ಬಾಗಿಲು ತೆರೆಯಿತು, ಯಾವ ರಿಮೋಟಿನಿಂದ ಯಾರು ಅದನ್ನು ಆರಿಸಿದರು ಎಂಬುದನ್ನೂ ಬರೆದಿಡಬಲ್ಲದು. ನಮ್ಮ ಮನೆಗೆ ಹನ್ನೊಂದು ವರ್ಷಗಳಿಂದ ಕೆಲಸಕ್ಕೆ ಬರುವ ಹಿರಿಯ ಮಹಿಳೆಯೊಬ್ಬರಿದ್ದಾರೆ. ಹಿಂಬಾಗಿಲ ಬೀಗದ ಕೈ ಅವರಲ್ಲಿಯೇ ಇರುತ್ತದೆ. ಗೋಡೆಯ ಮೇಲಿನ ಹೊಸ ಪೆಟ್ಟಿಗೆಯನ್ನು ಕಂಡು ಅವರು ಕೇಳಿದರು:

"ಮಾಸ್ಟ್ರೇ, ನಾನು ಬಂದದ್ದು ಹೋದದ್ದು ಎಲ್ಲ ಇದಕ್ಕೆ ಗೊತ್ತಾಗ್ತದಾ?"

"ಗೊತ್ತಾಗ್ತದೆ ಅಕ್ಕ."

"ಹಾಗಾದ್ರೆ ನಾಳೆ ಏನಾದ್ರೂ ಕಾಣೆಯಾದ್ರೆ ಮೊದಲು ಬರುವುದು ನನ್ನ ಹೆಸರೇ ಅಲ್ವಾ?"

ಈ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ಲೋಕವನ್ನು ಕಂಡವರ ಲೆಕ್ಕಾಚಾರವಿತ್ತು. ಬಡವರ ಮನೆಗೆ ಕಳ್ಳ ಬಂದರೆ ಹೋಗುವುದು ಸೊತ್ತು. ಉಳ್ಳವರ ಮನೆಗೆ ಕಳ್ಳ ಬಂದರೆ ಹೋಗುವುದು ಅಲ್ಲಿ ದುಡಿಯುವ ಬಡವರ ಮಾನ. ಶಾಲೆಯಲ್ಲಿಯೂ ಇದನ್ನು ನಾವು ಕಾಣುತ್ತೇವೆ. ಒಂದು ಮಗುವಿನ ಪೆನ್ಸಿಲು ಕಳೆದಾಗ ಎಲ್ಲರ ಚೀಲಗಳನ್ನೂ ಸುರಿದು ನೋಡಿದರೆ ಪೆನ್ಸಿಲು ಸಿಕ್ಕೀತು. ಆದರೆ ಅಂದಿನಿಂದ ಮೂವತ್ತು ಮಕ್ಕಳಿಗೂ ತಾವು ಸಂಶಯಕ್ಕೆ ತಕ್ಕವರೆಂಬುದು ಗೊತ್ತಾಗಿರುತ್ತದೆ. ಒಬ್ಬನ ಚೀಲವನ್ನು ಮಾತ್ರ ನೋಡಿದರಂತೂ ಅವನ ಹಣೆಗೆ ಬರೆ ಎಳೆದಂತೆಯೇ. ನಾಲ್ಕಾಣೆಯ ಪೆನ್ಸಿಲಿಗಾಗಿ ನಾವು ತೆರುವ ಬೆಲೆ ಎಷ್ಟೆಂಬುದನ್ನು ಉಪಾಧ್ಯಾಯರಾದವರು ಚೀಲಕ್ಕೆ ಕೈಹಾಕುವ ಮೊದಲೇ ಎಣಿಸಬೇಕಾಗುತ್ತದೆ.

ಆ ಅಕ್ಕನ ಪ್ರಶ್ನೆಗೆ ಮಾತಿನ ಸಮಾಧಾನ ಸಾಲದೆಂದು ನಮಗೆ ತೋರಿತು. ಯಂತ್ರದ ದಾಖಲೆಯನ್ನು ಅವರಿಗೆ ತೆಗೆದು ತೋರಿಸಿದೆವು. ಸೈರನ್ ಮೊಳಗಿದ ಹೊತ್ತಿನ ಹೊರತು ಅದನ್ನು ಯಾರೂ ತೆರೆದು ನೋಡತಕ್ಕದ್ದಲ್ಲವೆಂದು ಮನೆಯಲ್ಲಿ ನಿಯಮ ಮಾಡಿಕೊಂಡೆವು. ಎರಡು ರಿಮೋಟುಗಳಲ್ಲಿ ಒಂದು ಅವರಿಗೇ ಹೋಯಿತು. ಫಲಕವು ಫೋನು ಮಾಡಬೇಕಾದ ನಂಬರುಗಳನ್ನು ಬರೆಯುವಾಗ, ತೋಡಿನ ಆಚೆ ಇರುವ ಅವರ ಮನೆಯೇ ನಮಗೆ ಹತ್ತಿರದ್ದಾದ ಕಾರಣ, ಅವರ ಒಪ್ಪಿಗೆ ಕೇಳಿ ಅವರ ಮಗನ ನಂಬರನ್ನು ಮೊದಲು ಬರೆದೆವು. ಸಂಶಯದ ಪಟ್ಟಿಯಲ್ಲಿ ಮೊದಲಿಗರಾಗುವೆವೆಂದು ಅಂಜಿದವರು ಕರೆಯ ಪಟ್ಟಿಯಲ್ಲಿ ಮೊದಲಿಗರಾದರು. ಕಾವಲಿನಲ್ಲಿ ಪಾಲುಗೊಂಡವನು ಕಾವಲಿನ ಗುರಿಯಾಗಿ ಉಳಿಯುವುದಿಲ್ಲ.

ಈ ಕಾರಣದಿಂದಲೇ ಕ್ಯಾಮರಾವನ್ನೂ ಅಲಾರಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಲಾರಂ ಒಂದು ಘಟನೆಯನ್ನು ಕುರಿತು ಕೂಗುತ್ತದೆ. ಕ್ಯಾಮರಾ ವ್ಯಕ್ತಿಗಳನ್ನು ಕುರಿತು ನೆನಪಿಟ್ಟುಕೊಳ್ಳುತ್ತದೆ. ತೋಟದ ಗೇಟಿನಲ್ಲಿ ಅದಕ್ಕೆ ಸ್ಥಾನವಿದ್ದೀತು. ಅಡುಗೆಮನೆಯಲ್ಲಿ ದುಡಿಯುವವರ ಬೆನ್ನ ಮೇಲೆ ಅದನ್ನು ನೆಟ್ಟು ಮನೆಯ ಯಜಮಾನನು ದೂರದ ಊರಿನಿಂದ ನೋಡುತ್ತ ಕೂಡುವುದು ಕಾವಲಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್‌ನಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಯುರೋಪಿನ ಒಕ್ಕೂಟದ ನ್ಯಾಯಾಲಯವು 2014ರಲ್ಲಿ, ಮನೆಯ ಕ್ಯಾಮರಾ ಸಾರ್ವಜನಿಕ ಬೀದಿಯನ್ನೂ ನೋಡುತ್ತಿದ್ದರೆ ಅದು ಕೇವಲ ಮನೆಯೊಳಗಣ ವಿಷಯವಾಗಿ ಉಳಿಯದೆಂದು ತೀರ್ಪಿತ್ತಿತು. ನಮ್ಮ ದೇಶದ 2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯಾದರೋ ವ್ಯಕ್ತಿಯು ತನ್ನ ಸ್ವಂತ ಹಾಗೂ ಗೃಹಕೃತ್ಯದ ಉದ್ದೇಶಕ್ಕಾಗಿ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗೆ ಬಿಟ್ಟಿದೆ. ಕಾನೂನು ಹೊಸ್ತಿಲ ಬಳಿ ನಿಂತುಬಿಟ್ಟರೆ ಒಳಗಿನ ಜಾಗವನ್ನು ತುಂಬಬೇಕಾದದ್ದು ಮನೆಯವರ ಧರ್ಮಬುದ್ಧಿಯೇ.

ಇನ್ನು ಆಯ್ಕೆಯ ವಿಷಯ. ಅಗ್ಗವೆಂಬ ಒಂದೇ ಗುಣ ನೋಡಿ ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸತಕ್ಕದ್ದು. ಕೆಲವು ಯಂತ್ರಗಳ ರಿಮೋಟು ಪ್ರತಿಸಲವೂ ಒಂದೇ ಸಂಕೇತವನ್ನು ಕಳುಹಿಸುತ್ತದೆ. ಅದನ್ನು ಗಾಳಿಯಲ್ಲಿಯೇ ಹಿಡಿದು ಮರಳಿ ನುಡಿಸುವ ಉಪಕರಣವುಳ್ಳವನು ನಮ್ಮ ಕಾವಲನ್ನು ಹೊರಗಿನಿಂದಲೇ ಆರಿಸಬಲ್ಲನು. ಪ್ರತಿಸಲವೂ ಸಂಕೇತ ಬದಲಾಗುವ ಬಗೆಯದನ್ನು ಆರಿಸುವುದು ಲೇಸು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಫಲಕದೊಳಗೆ ತಾಳಿಕೆಯ ಬ್ಯಾಟರಿ ಇರಲೇಬೇಕು. ಹಳೆಯ 2ಜಿ ಜಾಲವನ್ನು ಮಾತ್ರ ಬಲ್ಲ ಫಲಕಕ್ಕೆ 4ಜಿ ಮಾತ್ರವಿರುವ ಕಂಪೆನಿಯ ಸಿಮ್ ಹಾಕಿದರೆ ಅದು ಮೂಗನ ಕೊರಳಾದೀತು. ಮನೆಯಲ್ಲಿ ಸಿಮ್ಮಿಗೆ ಸಿಗ್ನಲ್ ಬರುವ ಮೂಲೆಯನ್ನು ಹುಡುಕಿ ಫಲಕವನ್ನು ಅಲ್ಲಿಯೇ ನಿಲ್ಲಿಸಬೇಕು.

ಭಾಷೆಯ ಮಾತೂ ಉಂಟು. ನಮ್ಮ ಫಲಕ ಮಾತನಾಡುವುದು ಇಂಗ್ಲಿಷಿನಲ್ಲಿ, ಕೈಪಿಡಿಯೂ ಇಂಗ್ಲಿಷಿನದೇ. ಹಗಲೆಲ್ಲ ಮನೆಯಲ್ಲಿರುವ ತಾಯಿಗೆ ತಿಳಿಯದ ಭಾಷೆಯಲ್ಲಿ ಮನೆಯ ಕಾವಲು ನಡೆದರೆ ಅವರು ತಮ್ಮ ಮನೆಯಲ್ಲಿಯೇ ಪರಕೀಯರಾಗುತ್ತಾರೆ. ಗಡಿನಾಡಿನ ಕನ್ನಡಿಗರಾದ ನಮಗೆ, ಕಚೇರಿಯ ಕಾಗದ ತಿಳಿಯದ ಭಾಷೆಯಲ್ಲಿ ಬಂದಾಗಿನ ಅಸಹಾಯಕತೆ ಹೊಸದಲ್ಲ. ಅದನ್ನು ಮನೆಯೊಳಗೂ ಬಿಟ್ಟುಕೊಳ್ಳಬೇಕೆ? ಫಲಕ ಆಡುವ ಒಂದೊಂದು ಮಾತಿನ ಅರ್ಥವನ್ನೂ, ಒತ್ತಬೇಕಾದ ಗುಂಡಿಯ ಗುರುತನ್ನೂ ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ಅದರ ಪಕ್ಕದಲ್ಲಿ ಅಂಟಿಸಿದ್ದೇವೆ. ಅಪಾಯದ ಗುಂಡಿಯುಳ್ಳ ಚಿಕ್ಕ ರಿಮೋಟು ತಾಯಿಯ ಸೆರಗಿನ ಗಂಟಿನಲ್ಲಿದೆ. ಕಳ್ಳನಿಗಾಗಿ ತಂದ ಯಂತ್ರವು ಬಚ್ಚಲಲ್ಲಿ ಜಾರಿ ಬಿದ್ದವರಿಗೂ ಕೊರಳಾಗಬಲ್ಲದೆಂಬುದು ಅದರ ದೊಡ್ಡ ಗುಣವೆಂದೇ ನಾವು ಎಣಿಸುತ್ತೇವೆ. ಸೊತ್ತಿನ ಕಾವಲಿಗಿಂತ ಜೀವದ ಕಾವಲು ಮೇಲಲ್ಲವೆ?

ಈಗ ಸುಳ್ಳುಕೂಗಿನ ವಿಚಾರಕ್ಕೆ ಬರೋಣ. ಯಂತ್ರದೊಡನೆ ಬಾಳುವವರ ನಿಜವಾದ ಪರೀಕ್ಷೆ ಇಲ್ಲಿದೆ. ಸೆನ್ಸರಿನ ಗಾಜಿನಂಥ ಮುಖದ ಮೇಲೆ ಹಲ್ಲಿ ಹರಿದರೂ, ಬೆಕ್ಕು ಕಪಾಟಿನಿಂದ ನೆಗೆದರೂ, ಬಿಸಿಲು ಬಿದ್ದ ಪರದೆ ಗಾಳಿಗೆ ಬೀಸಿದರೂ ಅದಕ್ಕೆ ಕಳ್ಳನೇ. ಅಮೆರಿಕದಲ್ಲಿ ಪೊಲೀಸರಿಗೆ ಮುಟ್ಟುವ ಕಳ್ಳತನದ ಅಲಾರಮ್ಮುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸುಳ್ಳೆಂದು ಅಲ್ಲಿಯ ಸರಕಾರದ ಪ್ರಕಟಣೆಗಳೇ ಹೇಳಿವೆ. ಇದರಿಂದ ಬೇಸತ್ತ ಸಾಲ್ಟ್ ಲೇಕ್ ಸಿಟಿ ಎಂಬ ನಗರವು 2000ನೆಯ ಇಸವಿಯಲ್ಲಿ ಒಂದು ಕಟ್ಟಳೆ ಮಾಡಿತು: ಮನುಷ್ಯನೊಬ್ಬ ಹೋಗಿ ನೋಡಿ ಖಚಿತಪಡಿಸಿದ ಹೊರತು ಬರಿಯ ಯಂತ್ರದ ಕೂಗಿಗೆ ಪೊಲೀಸರು ಓಡಿಬರತಕ್ಕದ್ದಲ್ಲ. ಯಂತ್ರದಲ್ಲಿ ಎಲ್ಲರಿಗಿಂತ ಮುಂದುವರಿದ ನಾಡಿನಲ್ಲಿಯೂ ಕೊನೆಗೆ ಬೇಕಾದದ್ದು ಬಾಗಿಲ ತನಕ ನಡೆದು ಬಂದು ಕಣ್ಣಿಂದ ನೋಡುವ ಒಬ್ಬ ಮನುಷ್ಯನೇ ಎಂಬುದು ಯೋಚಿಸತಕ್ಕ ವಿಷಯ.

ನಮ್ಮಲ್ಲಿ ಆ ಮನುಷ್ಯ ಯಾರು? ಮಳೆ ಹಿಡಿದ ಒಂದು ಜೂನ್ ತಿಂಗಳ ನಡುರಾತ್ರಿ ನಮ್ಮ ಸೈರನ್ ಮೊಳಗಿತು. ಎದ್ದು ನೋಡಿದರೆ ಚಾವಡಿಯ ಸೆನ್ಸರಿನ ಮೇಲೆ ಹಲ್ಲಿಯೊಂದು ಕುಳಿತಿತ್ತು. ಅದನ್ನು ಓಡಿಸಿ ಸದ್ದು ನಿಲ್ಲಿಸುವಷ್ಟರಲ್ಲಿ ಆ ಅಕ್ಕನ ಮಗ ಟಾರ್ಚು ಹಿಡಿದು, ತುಂಬಿ ಹರಿಯುವ ತೋಡಿನ ಸಂಕ ದಾಟಿ, ಅಂಗಳಕ್ಕೆ ಬಂದಾಗಿತ್ತು. ಮರುದಿನ ಬೆಳಗ್ಗೆ ಆರಕ್ಕೆ ಅವರಿಗೆ ರಬ್ಬರ್ ಟ್ಯಾಪಿಂಗ್ ಕೆಲಸ. ಹಲ್ಲಿಯ ಸುದ್ದಿ ತಿಳಿಸಿದಾಗ ಅವರು ಹೇಳಿದ್ದು ಇಷ್ಟೆ: "ಇರಲಿ ಮಾಸ್ಟ್ರೇ, ಬೊಬ್ಬೆ ಕೇಳಿಯೂ ಬಾರದೆ ಇರಲಿಕ್ಕೆ ಆಗ್ತದಾ?" ಶಾಸ್ತ್ರವು ದಂಡ ಹೇಳಿ ಕಲಿಸಬಯಸಿದುದನ್ನು ಶಾಸ್ತ್ರ ಓದದ ಅವರು ಸಹಜವಾಗಿ ನಡೆದು ತೋರಿಸಿದರು. ಅಂದಿನ ಅವರ ನಿದ್ದೆ ನಮ್ಮ ಯಂತ್ರದ ಬೆಲೆಯಲ್ಲಿ ಸೇರಿದೆ. ಅಂಗಡಿಯ ರಸೀದಿಯಲ್ಲಿ ಅದು ಕಾಣುವುದಿಲ್ಲ. ಆದುದರಿಂದ ಸೆನ್ಸರನ್ನು ಹಲ್ಲಿ ಹರಿಯದ ಮೂಲೆಗೆ ಸರಿಸುವುದು, ತಿಂಗಳಿಗೊಮ್ಮೆ ಒರೆಸಿ ಪರೀಕ್ಷಿಸುವುದು, ಬ್ಯಾಟರಿ ಸೋಲುವ ಮೊದಲೇ ಬದಲಿಸುವುದು ಮನೆಯ ಸಣ್ಣ ಕೆಲಸಗಳಂತೆ ಕಂಡರೂ ನೆರೆಯವರ ನಿದ್ದೆಗೆ ನಾವು ಸಲ್ಲಿಸಬೇಕಾದ ಗೌರವಗಳೇ. ಪದೇಪದೇ ಸುಳ್ಳು ಕೂಗುವವನು ತನ್ನ ಮನೆಗೆ ಮಾತ್ರ ಹಾನಿ ಮಾಡಿಕೊಳ್ಳುವುದಿಲ್ಲ. ಊರಿನ ಕಿವಿಯನ್ನೇ ಕೆಡಿಸುತ್ತಾನೆ. ನಾಳೆ ಇನ್ನೊಬ್ಬರ ಮನೆಯ ನಿಜವಾದ ಕೂಗಿಗೂ ಯಾರೂ ಏಳದಂತಾದರೆ ಆ ಪಾಪದಲ್ಲಿ ಅವನಿಗೆ ಪಾಲುಂಟು.

ಓಡಿಬರುವವರ ಧರ್ಮಕ್ಕೂ ಒಂದು ಎಲ್ಲೆ ಬೇಕು. ಕೂಗು ಕೇಳಿ ಬಂದವರು ನೆರವಿನವರಾಗಿಯೂ ಬರಬಹುದು, ಗುಂಪಾಗಿಯೂ ಬರಬಹುದು. ನಮ್ಮ ರಾಜ್ಯದ ಪಾಲಕ್ಕಾಡು ಜಿಲ್ಲೆಯ ಅಟ್ಟಪ್ಪಾಡಿಯಲ್ಲಿ 2018ರ ಫೆಬ್ರವರಿಯಲ್ಲಿ ಮಧು ಎಂಬ ಆದಿವಾಸಿ ಯುವಕನನ್ನು, ತಿನ್ನುವ ಪದಾರ್ಥ ಕದ್ದನೆಂಬ ಆರೋಪ ಹೊರಿಸಿ, ಗುಂಪು ಕೂಡಿ ಹೊಡೆದರು, ಅವನು ಸತ್ತನು. 2023ರ ಏಪ್ರಿಲಿನಲ್ಲಿ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಶಿಕ್ಷೆಯಿಂದ ಹೋದ ಪ್ರಾಣ ಬರಲಿಲ್ಲ. ಕೂಗಿನ ಉದ್ದೇಶ ಕಳ್ಳನು ಓಡಿಹೋಗಲಿ, ಮನೆಯವರು ಉಳಿಯಲಿ ಎಂಬುದಷ್ಟೇ. ಕತ್ತಲಲ್ಲಿ ಸಿಕ್ಕಿದವನನ್ನು ಶಿಕ್ಷಿಸುವ ಅಧಿಕಾರವನ್ನು ಯಾವ ಸೈರನ್ನೂ ಯಾರಿಗೂ ಕೊಡುವುದಿಲ್ಲ. ಬಸವಣ್ಣನವರ ಪ್ರಸಿದ್ಧವಾದ ವಚನವೊಂದು ಮಾಡಬಾರದುದನ್ನು ಎಣಿಸುವಾಗ ಕಳವನ್ನೇ ಮೊದಲು ಹೇಳುತ್ತದೆ. ಅದೇ ಬಸವಣ್ಣನವರು ಹಸುಗಳನ್ನು ಕದ್ದೊಯ್ದ ಕಳ್ಳರ ಬಳಿಗೆ ಕರುಗಳನ್ನೂ ಕಳುಹಿಸಿಕೊಟ್ಟರೆಂದು ಐತಿಹ್ಯವಿದೆ. ಅಷ್ಟು ಎತ್ತರ ಗೃಹಸ್ಥರಾದ ನಮಗೆ ಎಟುಕದು. ಆದರೆ ಕಳವನ್ನು ದ್ವೇಷಿಸಿಯೂ ಕಳ್ಳನನ್ನು ಮನುಷ್ಯನೆಂದು ಕಾಣಲು ಸಾಧ್ಯವೆಂಬಷ್ಟನ್ನಾದರೂ ಅದರಿಂದ ಕಲಿಯಬಹುದು. ಕರೆಯ ಪಟ್ಟಿಯಲ್ಲಿರುವವರೊಡನೆ ಮೊದಲೇ ಕುಳಿತು, ಬಂದವರು ನೋಡಬೇಕು, ದೀಪ ಹಾಕಬೇಕು, ಪೊಲೀಸರಿಗೆ ತಿಳಿಸಬೇಕು, ಕೈಮಾಡಬಾರದು ಎಂದು ಮಾತಾಡಿಕೊಳ್ಳುವುದು ಯಂತ್ರವನ್ನು ಗೋಡೆಗೆ ಹಚ್ಚುವುದಕ್ಕಿಂತಲೂ ಮುಖ್ಯವಾದ ಕೆಲಸ.

ಪೊಲೀಸರಿರುವಾಗ ನೆರೆಯವರ ಹಂಗು ಏಕೆಂದು ಕೆಲವರು ಕೇಳಿಯಾರು. ಕೇರಳ ಪೊಲೀಸರ ಮೊಬೈಲ್ ಆ್ಯಪಿನಲ್ಲಿ, ಮನೆಗೆ ಬೀಗ ಹಾಕಿ ದೂರ ಹೋಗುವವರು ಮುಂಚಿತವಾಗಿ ಠಾಣೆಗೆ ತಿಳಿಸುವ ಸೌಕರ್ಯವಿದೆ. ಅದನ್ನು ಬಳಸಿಕೊಳ್ಳುವುದು ಒಳ್ಳೆಯದೇ. ಆದರೆ ಠಾಣೆಯಿಂದ ಜೀಪು ಹೊರಟು ಗುಡ್ಡೆಯ ಕಚ್ಚಾ ರಸ್ತೆ ಮುಗಿದ ಮೇಲೆ ಉಳಿದ ದಾರಿಯನ್ನು ಬಲ್ಲವರು ನೆರೆಯವರೇ. ಹಂಗೆಂಬ ಮಾತಿಗೆ ನಾವು ಹೆದರಬೇಕಾಗಿಯೂ ಇಲ್ಲ. ಹಂಗಿಲ್ಲದೆ ಬಾಳುವೆನೆಂದು ಹೊರಟವನು ಗೋಡೆಯನ್ನು ಎತ್ತರಿಸುತ್ತ ಹೋಗಬೇಕು. ಎತ್ತರಿಸಿದ ಗೋಡೆಯ ಒಳಗಿನಿಂದ ಕೂಗಿದರೆ ಹೊರಗೆ ಕೇಳಿಸುವುದೂ ಇಲ್ಲ.

ನಿಸ್ತಂತು ಅಲಾರಮ್ಮನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಗೆ ಹಾಗಾದರೆ ಉತ್ತರವೇನು? ಬೇಕಾದವರು ಕೊಳ್ಳಲಿ, ಅದರಲ್ಲಿ ಅಧರ್ಮವಿಲ್ಲ. ಆದರೆ ಕೊಳ್ಳುವವನು ತಾನು ಕೊಳ್ಳುತ್ತಿರುವುದು ಕಾವಲುಗಾರನನ್ನಲ್ಲ, ಒಂದು ಕೂಗನ್ನು ಎಂಬುದನ್ನು ಅರಿತಿರಲಿ. ತನ್ನ ಕೂಗು ಯಾರ ಕಿವಿಗೆ ಬೀಳುತ್ತದೋ ಅವರ ಒಪ್ಪಿಗೆಯನ್ನು ಮೊದಲೇ ಕೇಳಲಿ. ಮನೆಯಲ್ಲಿ ದುಡಿಯುವವರಿಗೆ ಯಂತ್ರ ಏನನ್ನು ಬರೆದಿಡುತ್ತದೆಂಬುದನ್ನು ಮುಚ್ಚಿಡದಿರಲಿ. ಕೂಗು ಸುಳ್ಳಾಗದಂತೆ ನೋಡಿಕೊಳ್ಳಲಿ. ಎಲ್ಲಕ್ಕೂ ಮಿಗಿಲಾಗಿ, ಇನ್ನೊಂದು ಮನೆ ಕೂಗಿದ ರಾತ್ರಿ ತಾನೂ ಟಾರ್ಚು ಹಿಡಿದು ಎದ್ದು ಹೋಗಲಿ. ನಮ್ಮ ಫಲಕದ ಪಟ್ಟಿಯಲ್ಲಿ ಐದು ಮಂದಿಯ ನಂಬರುಗಳಿವೆ. ಆ ಐದು ಮಂದಿಗೆ ಆಪತ್ತು ಬಂದಾಗ ಅವರು ಕರೆಯುವ ನಂಬರುಗಳಲ್ಲಿ ನಮ್ಮದೂ ಒಂದಾಗಿದೆಯೆ? ಅಲಾರಂ ತಂದ ಪ್ರತಿಯೊಬ್ಬರೂ ಅದನ್ನು ಮೊದಲ ಸಲ ಚಾಲೂ ಮಾಡುವುದಕ್ಕೆ ಮುಂಚೆ ಇದನ್ನೊಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.